ಕಡಲೆಕಾಯಿ ಹೊಲದ ಮೂರು ಗಂಟೆಯ ಟೀ

ನೀವು ನೆಲೆಸಿರುವ ನಗರಗಳ ದೊಡ್ಡ ಹೋಟೆಲುಗಳಲ್ಲಿ, ಅಪರಾಹ್ಣದ ವೇಳೆಗೆ ‘ಹೈ ಟೀ’ ಎಂಬ ಹೆಸರಿನಿಂದ, ಮೂರು ಅಂತಸ್ತಿನ ತಟ್ಟೆಯಲ್ಲಿ ಸ್ಯಾಂಡ್‌ವಿಚ್ಚು, ಸ್ಕೋನು, ಕೇಕುಗಳನ್ನು ಜೋಡಿಸಿ, ಪಿಂಗಾಣಿಯ ಬಟ್ಟಲುಗಳಲ್ಲಿ ಚಹವನ್ನು ಕೊಡುವುದನ್ನು ಕಂಡಿರುವಿರಿ. ಆ ಸಂಭ್ರಮದ ಮೂಲವನ್ನು ಅರಸಿ ಹೊರಟರೆ ಎರಡು ಮನೆಗಳು ಎದುರಾಗುತ್ತವೆ. ಒಂದು ಅರಮನೆಯಂಥದು, ಇನ್ನೊಂದು ಕೂಲಿಗಾರನದು. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯ ಸೀಮೆಗೆ ನಂಟಿರುವುದು ಈ ಎರಡನೆಯ ಮನೆಯೊಡನೆ.

1662ರಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯನ್ನು ವರಿಸಿ ಬಂದ ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನಳಿಂದ ಆ ದೇಶದ ಆಸ್ಥಾನದಲ್ಲಿ ಚಹದ ಅಭಿರುಚಿ ಬೆಳೆಯಿತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಿರಿವಂತರ ಮನೆಗಳಲ್ಲಿ ರಾತ್ರಿಯ ಭೋಜನವು ಎಂಟು ಗಂಟೆಯವರೆಗೂ ಸರಿಯಲಾಗಿ, ನಡುವಣ ಹಸಿವನ್ನು ತಾಳಲಾರದೆ, ಬೆಡ್‌ಫರ್ಡಿನ ಏಳನೆಯ ಡ್ಯೂಕನ ಪತ್ನಿಯೂ ವಿಕ್ಟೋರಿಯಾ ರಾಣಿಯ ಸಖಿಯೂ ಆಗಿದ್ದ ಆನಾ ಮರಿಯಾ ಎಂಬಾಕೆ, 1840ರ ಸುಮಾರಿಗೆ, ತನ್ನ ಕೋಣೆಗೆ ಚಹವನ್ನೂ ಬೆಣ್ಣೆ ಸವರಿದ ರೊಟ್ಟಿಯನ್ನೂ ತರಿಸಿಕೊಳ್ಳತೊಡಗಿದಳೆಂದೂ, ಕ್ರಮೇಣ ಗೆಳತಿಯರನ್ನೂ ಕರೆಯತೊಡಗಿದಳೆಂದೂ ಪ್ರತೀತಿ. ಅದೇ ಶತಮಾನದಲ್ಲಿ ಉತ್ತರ ಇಂಗ್ಲೆಂಡು, ಸ್ಕಾಟ್‌ಲೆಂಡುಗಳ ಗಿರಣಿಯ ಊರುಗಳಲ್ಲಿ, ದಿನವೆಲ್ಲ ದುಡಿದು ಸಂಜೆ ಮನೆ ಸೇರಿದ ಕಾರ್ಮಿಕರು ಗಟ್ಟಿ ಚಹದೊಡನೆ ರೊಟ್ಟಿ, ಚೀಸು, ಮಾಂಸಗಳನ್ನು ಊಟದ ಮೇಜಿನ ಮುಂದೆ ಕುಳಿತು ಹೊಟ್ಟೆತುಂಬ ಉಣ್ಣುತ್ತಿದ್ದರು. ‘ಹೈ ಟೀ’ ಎಂದು ಹೆಸರಾದದ್ದು ಇದು, ದುಡಿದವರ ಊಟ.

ಇನ್ನು ನಮ್ಮ ಸೀಮೆಗೆ ಬರೋಣ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳ ನೆಲವನ್ನು ಹಾಯ್ದು, ಆಂಧ್ರದ ಗಡಿಯಾಚೆ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಆ ಗಡಿಯಂಚಿನಲ್ಲಿರುವ ಕೊಡಿಗೇನಹಳ್ಳಿ ಹೋಬಳಿಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಕೇಳಿಸುತ್ತವೆ. ಹತ್ತಿರದ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಮೇಯುತ್ತವೆ. ಮಳೆ ಕಡಿಮೆ. ಆದಕಾರಣ ಇಲ್ಲಿಯೂ, ನೆರೆಯ ಸಿರಾ, ಪಾವಗಡಗಳಲ್ಲಿಯೂ ಕೆಂಪುಮಣ್ಣಿನ ಹೊಲಗಳನ್ನು ಬಹುಕಾಲದಿಂದ ಆಳಿದ ಬೆಳೆಯೆಂದರೆ ಕಡಲೆಕಾಯಿ. ಮುಂಗಾರಿನಲ್ಲಿ ಬಿತ್ತಿದ್ದು ದಸರಾ ದೀಪಾವಳಿಗಳ ಆಸುಪಾಸಿನಲ್ಲಿ ಕೀಳುವುದಕ್ಕೆ ಬರುತ್ತದೆ.

ಕೀಳುವ ಆ ದಿನಗಳಲ್ಲಿ, ಬೆಳಗಿನಿಂದ ಬಾಗಿದ ಬೆನ್ನನ್ನೆತ್ತದೆ ಗಿಡಗಳನ್ನು ಕಿತ್ತು, ಬುಡದ ಮಣ್ಣನ್ನು ಕೊಡವಿ, ಗುಡ್ಡೆಯ ಸುತ್ತ ಕುಳಿತು ಕಾಯಿ ಬಿಡಿಸುತ್ತಿರುವ ಹೆಂಗಸರ ಕಡೆಗೆ, ಹೊತ್ತು ಪಡುವಲಿಗೆ ವಾಲಿದ ಮೂರು ಗಂಟೆಯ ಹೊತ್ತಿಗೆ, ಮನೆಯಿಂದ ಸ್ಟೀಲಿನ ಕ್ಯಾನು ಹಿಡಿದು ಯಾರಾದರೊಬ್ಬರು ಬದುವಿನ ಮೇಲೆ ನಡೆದು ಬರುವರು. “ಬರ್ರಮ್ಮಾ, ಟೀ ಬಂತು” ಎಂಬ ಕರೆಗೆ ಕೈಗಳು ನಿಲ್ಲುತ್ತವೆ. ಕೂಲಿಯ ಮಾತಾಡುವಾಗ ಈ ಟೀಯ ಪ್ರಸ್ತಾಪವನ್ನು ಬೇರೆಯಾಗಿ ಎತ್ತಬೇಕಾದುದಿಲ್ಲ. ಅದು ಕೆಲಸದೊಡನೆಯೇ ಸೇರಿದ್ದು. ಅಷ್ಟರಲ್ಲಿ ಹುಡುಗರು ಒಣಗಿದ ಸೊಪ್ಪುಸೊದೆಯನ್ನು ಒಟ್ಟಿ, ಆಗತಾನೆ ಕಿತ್ತ ಗಿಡಗಳನ್ನು ಕಾಯಿಸಮೇತ ಅದರ ಮೇಲಿಟ್ಟು ಬೆಂಕಿ ಹಚ್ಚಿರುತ್ತಾರೆ. ಉರಿ ಇಳಿದ ಮೇಲೆ ಬೂದಿಯೊಳಗಿಂದ ಆರಿಸಿದ ಕಾಯಿಗಳ ಹೊರಮೈ ಕರಿಯಾಗಿರುತ್ತದೆ. ಅಂಗೈಯಲ್ಲಿ ತಿಕ್ಕಿ, ಊದಿ, ಒಡೆದರೆ ಒಳಗಿನ ಬೀಜವು ಅರ್ಧ ಬೆಂದು ಅರ್ಧ ಹುರಿದು, ಹಸಿಯ ಸಿಹಿಯನ್ನಿನ್ನೂ ಬಿಡದೆ ಇರುತ್ತದೆ. ಅದರೊಡನೆ ಒಂದು ಚೂರು ಬೆಲ್ಲ. ಕಡ್ಲೆಪುರಿಯೂ ಇದ್ದರೆ ಇನ್ನೂ ಮೇಲು.

ಹೊಲದ ಒಡೆಯನೂ ಅದೇ ಬದುವಿನ ಮೇಲೆ ಕುಳಿತು ಅದನ್ನೇ ತಿನ್ನುವನು. ಆದರೆ ಒಂದು ಮಾತನ್ನು ನಿಮ್ಮಿಂದ ಮರೆಮಾಚುವುದು ಸಲ್ಲದು: ನಮ್ಮ ನಾಡಿನ ಹಳ್ಳಿಗಳಲ್ಲಿ ಹಿಂದೆ ಒಂದೇ ಪಾತ್ರೆಯ ಪಾನೀಯವನ್ನು ಕೆಲವರಿಗೆ ಲೋಟದಲ್ಲಿ ಕೊಟ್ಟು, ದಲಿತರಿಗೆ ತೆಂಗಿನ ಚಿಪ್ಪಿನಲ್ಲಿ ದೂರದಿಂದ ಸುರಿಯುತ್ತಿದ್ದ ಕಾಲವಿತ್ತು. ಆ ಅನ್ಯಾಯವನ್ನು ನೆನೆದಾಗ ನನ್ನ ಮನಸ್ಸು ಇಂದಿಗೂ ಕುಗ್ಗುತ್ತದೆ. ಎಲ್ಲರಿಗೂ ಒಂದೇ ಬಗೆಯ ಲೋಟ ಸಿಕ್ಕಿದ ಹೊಲದಲ್ಲಿ ಮಾತ್ರ ಮೂರು ಗಂಟೆಯ ಟೀಗೆ ನಿಜವಾದ ರುಚಿ.

ಈ ಉಪಾಹಾರವು ಅನಾದಿಯದೆಂದು ಭಾವಿಸಬೇಡಿ. ಹಿರಿಯರು ಆ ಹೊತ್ತಿಗೆ ಕುಡಿಯುತ್ತಿದ್ದುದು ಮಜ್ಜಿಗೆಯನ್ನೊ ರಾಗಿಯ ಅಂಬಲಿಯನ್ನೊ. ಚಹದ ಗಿಡವನ್ನು ಬೆಳೆಸಿ ಬಳಸುವುದನ್ನು ಜಗತ್ತಿಗೆ ಕಲಿಸಿದ್ದು ಚೀನಾ. ಅಸ್ಸಾಮಿನ ಚಹವು ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ದೂರದಿಂದ ಬಂದ ಈ ಎರಡನ್ನೂ ನಮ್ಮ ಬೆಲ್ಲದೊಡನೆ ಒಂದೇ ಬದುವಿನಲ್ಲಿ ಕೂಡಿಸಿದವರು ದುಡಿಯುವ ಜನ.

ನಿಮ್ಮ ಮನೆಯಲ್ಲಿಯೂ ಇದನ್ನು ಮಾಡಬಹುದು. ಸಿಪ್ಪೆಸಹಿತವಾದ ಹಸಿ ಕಡಲೆಕಾಯಿಯನ್ನು ತರಿಸಿ, ಅಮ್ಮನನ್ನೊ ಅಪ್ಪನನ್ನೊ ಜೊತೆಗಿಟ್ಟುಕೊಂಡು, ಸಿಪ್ಪೆ ಅಲ್ಲಲ್ಲಿ ಕಂದುವವರೆಗೆ ಓವನ್ನಿನಲ್ಲಿ ಹುರಿಯಿರಿ. ಟೀಗೆ ಬೆಲ್ಲ ಹಾಕುವುದಾದರೆ ಹಾಲು ಕುದಿಯುತ್ತಿರುವಾಗ ಹಾಕಬೇಡಿ, ಒಡೆದೀತು; ಒಲೆಯಿಂದ ಇಳಿಸಿ, ಕುದಿತ ನಿಂತ ಮೇಲೆ ಪುಡಿಮಾಡಿದ ಬೆಲ್ಲವನ್ನು ಬೆರೆಸಿ ಸೋಸಿಕೊಳ್ಳಿ. ನೆರೆಮನೆಯ ಮಕ್ಕಳನ್ನೂ ಕರೆಯಿರಿ.