ತಾನು ಕಾಣದ ಶಾಲೆಗಾಗಿ ದುಡಿದ ತಾಯಿ



ಜೂನ್ ತಿಂಗಳು ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಚಿಂತೆ. ಮಗನನ್ನು ಯಾವ ಶಾಲೆಗೆ ಸೇರಿಸುವುದು? ಮಗಳನ್ನು ಮುಂದೆ ಓದಿಸುವುದೋ, ಬೇಡವೋ? ಮಳೆ ಕೈಕೊಟ್ಟ ವರ್ಷ ಮೊದಲು ನಿಲ್ಲುವುದು ಮಗಳ ಓದು. ಓದಿಸಿದರೆ ನಮಗೇನು ಬಂತು, ನಾಳೆ ಪರರ ಮನೆಗೆ ಹೋಗುವವಳಲ್ಲವೇ ಎಂಬ ಮಾತನ್ನು ಪೂಜೆ ಮುಗಿಸಿ ಬಂದ ತಂದೆ ತಾಯಂದಿರ ಬಾಯಲ್ಲೇ ಕೇಳುತ್ತೇವೆ. ಫಲ ಯಾರಿಗೆ ಎಂದು ಕೇಳದೆ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಬಾಳನ್ನೇ ಕೊಟ್ಟ ಒಬ್ಬ ಇಂಗ್ಲಿಷ್ ಮಹಿಳೆಯನ್ನು ಇಂದು ನೆನೆಯೋಣ. ಅವರೇ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿ ಮದರ್ ವೆರೋನಿಕಾ.

ಅವರ ಮೊದಲ ಹೆಸರು ಸೋಫಿ ಲೀವ್ಸ್. 1823ರ ಅಕ್ಟೋಬರ್ 1ರಂದು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಹುಟ್ಟಿದರು. ತಂದೆ ಆಂಗ್ಲಿಕನ್ ಸಭೆಯ ಗುರು. ಬೈಬಲನ್ನು ಆಧುನಿಕ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿ ತೊಡಗಿದ್ದವರು. ದೇವರ ವಾಕ್ಯವನ್ನು ಪ್ರೀತಿಸುವುದನ್ನು ಸೋಫಿ ಕಲಿತದ್ದು ಆ ಮನೆಯಲ್ಲೇ. ಬಹುಕಾಲದ ಪ್ರಾರ್ಥನೆ ಮತ್ತು ಮನಸ್ಸಿನ ಹೋರಾಟದ ನಂತರ, 1850ರಲ್ಲಿ, ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಗುರುವಿನ ಮಗಳೊಬ್ಬಳಿಗೆ ಇದು ಸುಲಭದ ಹೆಜ್ಜೆಯಲ್ಲ. ಮರುವರ್ಷವೇ ಸಂತ ಎಮಿಲಿ ದೆ ವಿಯಾಲಾರ್ ಸ್ಥಾಪಿಸಿದ್ದ ಸಂತ ಜೋಸೆಫರ ಸನ್ಯಾಸಿನಿಯರ ಸಭೆಗೆ ಸೇರಿ ವೆರೋನಿಕಾ ಎಂಬ ಹೆಸರು ಪಡೆದರು.

1862ರಲ್ಲಿ ಅವರನ್ನು ಮಲಬಾರಿನ ಕಲ್ಲಿಕೋಟೆಗೆ ಕಳುಹಿಸಲಾಯಿತು. ಆಗ ಮಲಬಾರು, ಮಂಗಳೂರು, ನಮ್ಮ ಬಳ್ಳಾರಿ ಸೀಮೆ ಎಲ್ಲವೂ ಒಂದೇ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು. ಹೆಣ್ಣುಮಕ್ಕಳಿಗೆ ಶಾಲೆ ಎಂಬುದೇ ಅಪರೂಪವಾಗಿದ್ದ ಕಾಲವದು. ಕಲ್ಲಿಕೋಟೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದ ದಿನಗಳಲ್ಲಿ ಅವರೊಳಗೆ ಎರಡು ಕರೆಗಳು ಜಗ್ಗಾಡುತ್ತಿದ್ದವು. ಒಂದು, ಕಾರ್ಮೆಲ್ ಮಠದ ಮೌನ ಮತ್ತು ಧ್ಯಾನ. ಇನ್ನೊಂದು, ಈ ನಾಡಿನ ಮಕ್ಕಳ ಸೇವೆ. ಈ ಎರಡನ್ನೂ ಒಂದೇ ಬಾಳಿನಲ್ಲಿ ಕೂಡಿಸಿದ ಸನ್ಯಾಸಿನಿಯರು ಈ ಕರಾವಳಿಗೆ ಬೇಕೆಂದು ಬಯಸಿದವರು ಫ್ರೆಂಚ್ ಕಾರ್ಮೆಲ್ ಗುರು ಮರೀ ಎಫ್ರೆಮ್. ಅವರೇ ಮುಂದೆ ಮಂಗಳೂರಿನ ಮೇತ್ರಾಣಿಗಳಾದರು.

ಕಾರ್ಮೆಲ್ ಜೀವನವನ್ನು ಕಲಿಯಲು ವೆರೋನಿಕಾ 1867ರಲ್ಲಿ ಫ್ರಾನ್ಸಿನ ಪೋ ನಗರದ ಮಠ ಸೇರಿದರು. ನಲವತ್ತು ದಾಟಿದ ಮೇಲೆ ಮತ್ತೆ ಕಿರಿಯಳಾಗಿ ಕಲಿಯಲು ಕುಳಿತರು! ಹೋಗುವಾಗ ಒಬ್ಬ ಹುಡುಗಿಯನ್ನೂ ಜೊತೆಗೆ ಕರೆದೊಯ್ದರು. ಆಕೆ ಮರಿಯಂ, ಗಲಿಲೇಯದ ಅನಾಥೆ. ಮನೆಗೆಲಸ ಮಾಡಿ ಬದುಕಿದವಳು, ಓದು ಬರಹ ಸರಿಯಾಗಿ ಬಾರದವಳು. ಸಂತ ಜೋಸೆಫರ ಸಭೆಯಲ್ಲಿ ಆಕೆಗೆ ಪ್ರವೇಶ ದೊರೆತಿರಲಿಲ್ಲ. ಬೇರೆಯವರು ಬೇಡವೆಂದ ಮಗುವಿನಲ್ಲಿ ದೇವರ ಕೈಕೆಲಸವನ್ನು ವೆರೋನಿಕಾ ಗುರುತಿಸಿದರು. ನಿಜವಾದ ಶಿಕ್ಷಕಿಯ ಕಣ್ಣು ಅದು. ಆ ಮರಿಯಂ 1870ರಲ್ಲಿ ಮಂಗಳೂರಿಗೆ ಬಂದು, ಮರುವರ್ಷ ಅಲ್ಲಿಯೇ ವ್ರತ ಸ್ವೀಕರಿಸಿದರು. 2015ರಲ್ಲಿ ಧರ್ಮಸಭೆ ಅವರನ್ನು ಸಂತಳೆಂದು ಸಾರಿತು.

1868ರ ಜುಲೈ 16, ಕಾರ್ಮೆಲ್ ಮಾತೆಯ ಹಬ್ಬ. ಅಂದು ಫ್ರಾನ್ಸಿನ ಬಯೋನ್ ಎಂಬಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆ ಆರಂಭವಾಯಿತು. ಅಲ್ಲಿ ತರಬೇತಿ ಪಡೆದ ಮೂವರು ಸಹೋದರಿಯರು 1870ರ ನವೆಂಬರ್ 19ರಂದು ಮಂಗಳೂರು ತಲುಪಿದರು. ಸಂತ ಆನ್ನಮ್ಮನವರ ಹೆಸರಿನ ಮಠ ಮತ್ತು ಹೆಣ್ಣುಮಕ್ಕಳ ಶಾಲೆ ಅವರಿಂದ ಬೆಳೆಯಿತು. ವೆರೋನಿಕಾ ಮಾತ್ರ ಮುಂದಿನ ಸಹೋದರಿಯರನ್ನು ಸಿದ್ಧಗೊಳಿಸಲು ಫ್ರಾನ್ಸಿನಲ್ಲೇ ಉಳಿದರು.

ಆಮೇಲೆ ಬಂದದ್ದು ಶಿಲುಬೆ. 1873ರಲ್ಲಿ ಮೇತ್ರಾಣಿ ಮರೀ ಎಫ್ರೆಮ್ ತೀರಿಕೊಂಡರು. ಅದೇ ವರ್ಷ ಬಯೋನಿನ ಮನೆಯೂ ಮುಚ್ಚಿಹೋಯಿತು. ಐವತ್ತರ ಹೊಸ್ತಿಲಲ್ಲಿದ್ದ ವೆರೋನಿಕಾ ಕಾರ್ಮೆಲ್ ಮಠದ ಮೌನಕ್ಕೆ ಹಿಂದಿರುಗಿದರು. ಲೋಕದ ಲೆಕ್ಕದಲ್ಲಿ ಇದು ಸೋಲು. ತಾವು ಕಳುಹಿಸಿದ ಸಹೋದರಿಯರು ಮಂಗಳೂರಿನಲ್ಲಿ ಕಟ್ಟಿದ ಶಾಲೆಯನ್ನು ಅವರು ಒಮ್ಮೆಯೂ ಕಣ್ಣಾರೆ ಕಾಣಲಿಲ್ಲ. 1906ರ ನವೆಂಬರಿನಲ್ಲಿ ಪೋ ನಗರದ ಮಠದಲ್ಲಿ ಕಣ್ಮುಚ್ಚಿದರು.

ಆದರೆ ಬೀಜ ಸತ್ತಿರಲಿಲ್ಲ. ಸಹೋದರಿಯರು 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು, 1940ರಲ್ಲಿ ದೂರದ ಪಾಟ್ನಾದಲ್ಲಿ ಮಹಿಳಾ ಕಾಲೇಜನ್ನು, 1948ರಲ್ಲಿ ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್ ಕಾಲೇಜನ್ನು ತೆರೆದರು. ಅಲ್ಲಿ ಕಲಿತ ಹೆಣ್ಣುಮಕ್ಕಳು ಶಿಕ್ಷಕಿಯರಾದರು, ವೈದ್ಯರಾದರು, ತಾಯಂದಿರಾಗಿ ತಮ್ಮ ಮಕ್ಕಳಿಗೆ ಅಕ್ಷರ ತಿದ್ದಿಸಿದರು. 2014ರಲ್ಲಿ ಜಗದ್ಗುರು ಫ್ರಾನ್ಸಿಸರು ವೆರೋನಿಕಾರನ್ನು ಪೂಜ್ಯರೆಂದು ಘೋಷಿಸಿದರು.

ಕೆಲಸ ನಮ್ಮದು, ಫಲ ದೇವರದು. ಹೊಲದ ಬದುವಿನಲ್ಲಿ ಹುಣಸೆ ಸಸಿ ನೆಡುವ ಅಜ್ಜ ಅದರ ಹಣ್ಣು ತನಗೇ ಸಿಗಲಿ ಎಂದು ನೆಡುವುದಿಲ್ಲ, ಮೊಮ್ಮಕ್ಕಳಿಗೆಂದು ನೆಡುತ್ತಾನೆ. ಮಕ್ಕಳ ಓದೂ ಹಾಗೆಯೇ. ಮಗಳು ಕಲಿತರೆ ಅದರ ಫಲ ನಿಮ್ಮ ಮನೆಗೇ ಬರಬೇಕೆಂದಿಲ್ಲ. ಅವಳು ಸೇರುವ ಮನೆಗೆ, ಅವಳ ಮಕ್ಕಳಿಗೆ, ನೀವು ಕಾಣದ ಯಾವುದೋ ಊರಿಗೆ ಅದು ಸಲ್ಲಬಹುದು. ಹಾಗೆಂದು ಅದು ವ್ಯರ್ಥವಾಗುವುದಿಲ್ಲ.

ಈ ಜೂನಿನಲ್ಲಿ ಮಗಳ ಪುಸ್ತಕ ಕಟ್ಟಿಡುವ ಮುನ್ನ ಮನೆಮಂದಿಯೆಲ್ಲ ಕೂಡಿ ಒಂದು ಜಪಸರ ಪ್ರಾರ್ಥಿಸಿರಿ. ಕಷ್ಟವಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ, ಸಿಸ್ಟರ್‌ಗಳಿಗೆ ಸಂಕೋಚಪಡದೆ ತಿಳಿಸಿರಿ. ನೆರೆಮನೆಯ ಹುಡುಗಿ ಶಾಲೆ ಬಿಟ್ಟಿದ್ದರೆ ಅವಳ ಬಗ್ಗೆಯೂ ವಿಚಾರಿಸಿರಿ. ತಾನು ಕಾಣದ ಮಕ್ಕಳಿಗಾಗಿ ದುಡಿದ ಆ ತಾಯಿಯ ಪ್ರಾರ್ಥನೆ ನಮ್ಮ ಮಕ್ಕಳೊಂದಿಗಿರಲಿ.