ಮಕ್ಕಳಿಗೆ ಪ್ರಪಂಚ ತೋರಿಸಿದ ಕಾರಂತರು

ಆದಿಶೇಷನು ಹೆಡೆ ಬದಲಿಸಿದಾಗ ಭೂಮಿ ನಡುಗುತ್ತದೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅವರು ಅಕ್ಷರ ಕಲಿತವರಲ್ಲ. ನಾನಾದರೋ ಬಹುಕಾಲ ಆ ಮಾತನ್ನು ನಂಬಿದ್ದೆ. ವಿಜಯನಗರದ ನಮ್ಮ ಬೀದಿಯ ನಾಲ್ಕಾರು ಮಕ್ಕಳಿಗೆ ನಾನು ಸಂಜೆ ಪಾಠ ಹೇಳಿಕೊಡುವುದುಂಟು. ಭೂಕಂಪದ ಪಾಠ ಬಂದ ದಿನ ಒಬ್ಬ ಹುಡುಗಿ ಅದೇ ಆದಿಶೇಷನನ್ನು ನನ್ನ ಮುಂದಿಟ್ಟಳು. ನಗುವ ಧೈರ್ಯ ನನಗಾಗಲಿಲ್ಲ. ಆಗ ನೆನಪಾದವರು ಡಾ. ಶಿವರಾಮ ಕಾರಂತರು. ಅವರನ್ನು ಕಾದಂಬರಿಕಾರರೆಂದು ಎಲ್ಲರೂ ಬಲ್ಲರು. ಮಕ್ಕಳ ಮೇಷ್ಟರೆಂದು ಬಲ್ಲವರು ಕಡಿಮೆ.

ಕಾರಂತರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು. ಅಲ್ಲಿಂದ ದಕ್ಷಿಣಕ್ಕೆ, ಮಲ್ಪೆಯ ಕಡಲಿನಲ್ಲಿ ಸೇಂಟ್ ಮೇರಿ ದ್ವೀಪಗಳಿವೆ. ಅಲ್ಲಿನ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ಆದವು. ಜ್ವಾಲಾಮುಖಿಯೆಂದರೆ ಜಪಾನು, ಇಟಲಿಗಳದೆಂದು ತಿಳಿದಿರುವ ನಮಗೆ ನಮ್ಮ ಕರಾವಳಿಯಲ್ಲೇ ಅದರ ಗುರುತಿದೆ.

ಮಂಗಳೂರಿನಲ್ಲಿ ಓದುತ್ತಿದ್ದ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿಯನ್ನು ಅಷ್ಟು ಸುಲಭವಾಗಿ ಬಿಟ್ಟವರನ್ನು ಕಂಡರೆ ನನಗೆ ಬೆರಗೂ ಹೌದು, ಸ್ವಲ್ಪ ಅಸೂಯೆಯೂ ಹೌದು. ಆಮೇಲೆ ಅವರು ಪುತ್ತೂರಿನಲ್ಲಿ ನೆಲೆಸಿ, ಬಾಲವನದಲ್ಲಿ ಹಾಡು, ಕುಣಿತ, ಚಿತ್ರ, ಆಟಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗಕ್ಕೆ ಕೈಹಾಕಿದರು. 1933ರಲ್ಲಿ ಚೋಮನ ದುಡಿಯನ್ನು ಬರೆದು, ಬೇಸಾಯ ಮಾಡುವ ಆಸೆಯೂ ಕೈಗೂಡದ ಅಸ್ಪೃಶ್ಯನ ಬಾಳನ್ನು ಕನ್ನಡಿಗರ ಮುಂದಿಟ್ಟರು.

ಮರುವರ್ಷ, 1934ರ ಜನವರಿ 15ರ ಮಧ್ಯಾಹ್ನ, ಬಿಹಾರದ ನೆಲ ನಡುಗಿತು. ಮುಂಗೇರ್, ಮುಜಫರಪುರ ಪಟ್ಟಣಗಳು ನೆಲಸಮವಾದವು. ಹೊಲಗಳು ಬಿರಿದು ಮರಳೂ ನೀರೂ ಚಿಮ್ಮಿದವು. ಬಿಹಾರ, ನೇಪಾಳಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ವಿಧಿಸಿದ ದಂಡನೆಯೆಂದು ಸಾರಿದವರು ಸ್ವತಃ ಗಾಂಧೀಜಿ. ರವೀಂದ್ರನಾಥ ಠಾಕೂರರು ಅಸ್ಪೃಶ್ಯತೆಯನ್ನು ವಿರೋಧಿಸುವವರೇ ಆದರೂ ಇದನ್ನು ಒಪ್ಪಲಿಲ್ಲ. ಪ್ರಕೃತಿಯ ಘಟನೆಗೆ ಪ್ರಕೃತಿಯಲ್ಲೇ ಕಾರಣ ಹುಡುಕಬೇಕೆಂದು ವಾದಿಸಿದರು. ಅಸ್ಪೃಶ್ಯತೆ ಪಾಪವೆಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಆದರೆ ಆ ನಡುಕದಲ್ಲಿ ಗೋಡೆ ಕುಸಿದದ್ದು ಅಸ್ಪೃಶ್ಯರ ಮೇಲೂ ಅಲ್ಲವೇ? ನನ್ನ ಅಲ್ಪಮತಿಗೆ ಠಾಕೂರರ ಮಾತೇ ಸರಿಯೆನಿಸುತ್ತದೆ.

ಇಂಥ ಕಾಲದಲ್ಲಿ ಕಾರಂತರು ಬಾಲಪ್ರಪಂಚವನ್ನು ಸಿದ್ಧಪಡಿಸಿದರು. 1936ರ ವೇಳೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಈ ಗ್ರಂಥ, ಇಂಗ್ಲಿಷ್ ಬಾರದ ಹಳ್ಳಿಯ ಮಗುವಿಗೂ ಪ್ರಪಂಚದ ತಿಳಿವಳಿಕೆಯನ್ನು ಕನ್ನಡದಲ್ಲೇ ಕೊಡಲು ಹೊರಟಿತು. ಒಬ್ಬನೇ ಮನುಷ್ಯ ಇಷ್ಟಕ್ಕೆ ಹೆಗಲು ಕೊಟ್ಟನೆಂಬುದು ಸಾಮಾನ್ಯ ಸಂಗತಿಯಲ್ಲ. ಅದೇ 1936ರಲ್ಲಿ ಜಾತಿಯ ಕಟ್ಟನ್ನು ಲೆಕ್ಕಿಸದೆ ಲೀಲಾ ಆಳ್ವರನ್ನು ವರಿಸಿದರು. 1959ರಿಂದ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳನ್ನು ಹೊರತಂದರು.

ಭೂಮಿಯ ಚಿಪ್ಪು ಹಲವು ಫಲಕಗಳಾಗಿದ್ದು, ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತಾ ಏಷ್ಯಾವನ್ನು ಒತ್ತುತ್ತಿದೆಯೆಂಬ ವಿವರಣೆ 1960ರ ದಶಕದ್ದು. ಬಾಲಪ್ರಪಂಚದ ಕಾಲಕ್ಕೆ ಅದು ಇರಲಿಲ್ಲ. ದಖ್ಖನಿನ ಗಟ್ಟಿನೆಲಕ್ಕೆ ಭಯವಿಲ್ಲವೆಂದು ನಂಬಿದ್ದವರನ್ನು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆಯ ಲಾತೂರ್ ಸೀಮೆಯ ಕಿಲ್ಲಾರಿ ಎಚ್ಚರಿಸಿತು. ಅಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ಕೊಂದದ್ದು ಬಹುಪಾಲು ಕಲ್ಲು-ಮಣ್ಣಿನ ದಪ್ಪ ಗೋಡೆಗಳು, ಭಾರದ ಮಾಳಿಗೆಗಳು.

ಮೂಕಜ್ಜಿಯ ಕನಸುಗಳಿಗೆ 1977ರ ಜ್ಞಾನಪೀಠ ಬಂದ ಮೇಲೂ ಕಾರಂತರು ಸುಮ್ಮನೆ ಕೂರಲಿಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಇಳಿವಯಸ್ಸಿನಲ್ಲೇ ಲೋಕಸಭೆಗೆ ಸ್ಪರ್ಧಿಸಿ ಸೋತರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು.

ಪಾಠದ ಮರುದಿನ ಆ ಹುಡುಗಿ ಮತ್ತೆ ಬಂದಳು. ಆದಿಶೇಷನ ಮಾತು ಎತ್ತಲಿಲ್ಲ. ಊರಿನಲ್ಲಿ ಅಜ್ಜಿ ಮಲಗುವ ಕೋಣೆಯದು ಮಣ್ಣಿನ ಗೋಡೆಯೆಂದೂ, ಅದಕ್ಕೇನು ಮಾಡಬೇಕೆಂದೂ ಕೇಳಿದಳು.