ಬೂದಿ ತೋರಿಸಲೂ ಟಿಕೆಟ್ ಇಟ್ಟ ಜಾರ್ಜ್ ಟಿಲ್ಯೂ!

ಪಾರ್ಕ್ ಸುಟ್ಟು ಹೋದ ಮರುದಿನವೇ ಆ ಅವಶೇಷ ನೋಡಲು ಬಂದವರಿಂದ ತಲೆಗೆ 10 ಸೆಂಟ್ ವಸೂಲಿ ಮಾಡಿದ ಭೂಪ ಜಾರ್ಜ್ ಟಿಲ್ಯೂ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಕಡಲತೀರದ ಸ್ಟೀಪಲ್‌ಚೇಸ್ ಪಾರ್ಕ್ ಈತನದು. ಹೊಸ ಹೊಸ ಆಟಗಳಿಗೆ ಹಣ ಸುರಿದರೆ ಅಮ್ಯೂಸ್‌ಮೆಂಟ್ ಪಾರ್ಕ್ ಉಳಿಯುತ್ತದೆಯೇ? ಈ ಧಂದೆಯಲ್ಲಿರುವವರು ಇಂದಿಗೂ ಕೇಳಿಕೊಳ್ಳುವ ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಅದೇ ತೀರದಲ್ಲಿ ಉತ್ತರ ಸಿಕ್ಕಿತ್ತು. ಆದರೆ ಉತ್ತರ ಅಷ್ಟು ಸರಳವಾಗಿರಲಿಲ್ಲ.

ಟಿಲ್ಯೂ ಹುಟ್ಟಿದ್ದು 1862ರಲ್ಲಿ. ತಂದೆ ಕೋನಿ ಐಲ್ಯಾಂಡಿನಲ್ಲಿ ಪ್ರವಾಸಿಗರಿಗೆ ತಂಗುವ, ತಿನ್ನುವ ವ್ಯವಸ್ಥೆ ಮಾಡುತ್ತಿದ್ದರು. ಹುಡುಗನಿಗೆ ವ್ಯಾಪಾರ ರಕ್ತದಲ್ಲೇ ಇತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ಸಮುದ್ರದ ನೀರನ್ನು ಬಾಟಲಿಗೆ, ಮರಳನ್ನು ಡಬ್ಬಿಗೆ ತುಂಬಿ ದೂರದ ಊರಿನಿಂದ ಬಂದವರಿಗೆ ಮಾರಿದ. ಬಂಡವಾಳ ಶೂನ್ಯ! ಮುಂದೆ ಊರಿನ ಭ್ರಷ್ಟ ರಾಜಕಾರಣಿ ಜಾನ್ ಮೆಕೇನ್ ವಿರುದ್ಧ ಸಾಕ್ಷಿ ಹೇಳಿ ಅಪ್ಪ-ಮಗ ಇಬ್ಬರೂ ಕಷ್ಟಕ್ಕೆ ಸಿಕ್ಕಿಕೊಂಡರು, ವ್ಯಾಪಾರ ಕೈತಪ್ಪಿತು. 1894ರಲ್ಲಿ ಮೆಕೇನ್ ಜೈಲು ಸೇರಿದ ಮೇಲೆಯೇ ಟಿಲ್ಯೂಗೆ ಮತ್ತೆ ಕಾಲೂರಲು ಜಾಗ ಸಿಕ್ಕಿದ್ದು.

ಅದಕ್ಕೆ ಒಂದು ವರ್ಷ ಮೊದಲು, ಮದುವೆಯಾದ ಹೊಸತರಲ್ಲಿ, ಹೆಂಡತಿಯನ್ನು ಕರೆದುಕೊಂಡು ಷಿಕಾಗೋದ ವಿಶ್ವಮೇಳಕ್ಕೆ ಹೋಗಿದ್ದ. ಅಲ್ಲಿ ಫೆರಿಸ್ ಕಟ್ಟಿದ ದೈತ್ಯ ಜಾಯಿಂಟ್ ವೀಲ್ ನೋಡಿ ಮರುಳಾದ. ಕೊಂಡುಕೊಳ್ಳೋಣವೆಂದರೆ ಅದು ಸಿಗಲಿಲ್ಲ. ಅದರ ಅರ್ಧದಷ್ಟು, 125 ಅಡಿ ವ್ಯಾಸದ ಚಕ್ರವೊಂದಕ್ಕೆ ಆರ್ಡರ್ ಕೊಟ್ಟ. ಚಕ್ರ ಬರುವ ಮುಂಚೆಯೇ ಖಾಲಿ ಜಾಗದಲ್ಲಿ ಬೋರ್ಡ್ ನೆಟ್ಟು, ಜಗತ್ತಿನ ಅತಿ ದೊಡ್ಡ ಚಕ್ರ ಇಲ್ಲಿ ಬರಲಿದೆ ಎಂದು ಸಾರಿದ. ಸುಳ್ಳು, ಅನುಮಾನವೇ ಇಲ್ಲ. ಆದರೆ ಆ ಬೋರ್ಡ್ ನೋಡಿಯೇ ಅಕ್ಕಪಕ್ಕ ಅಂಗಡಿ ಹಾಕಲು ಜನ ಮುಂಗಡ ಕೊಟ್ಟರು. ಚಕ್ರದ ದುಡ್ಡು ಹುಟ್ಟಿದ್ದು ಹಾಗೆ.

1895ರಲ್ಲಿ ಪಾಲ್ ಬಾಯ್ಟನ್ ಎಂಬಾತ ಅದೇ ಊರಲ್ಲಿ ಸುತ್ತ ಬೇಲಿ ಹಾಕಿ, ಪ್ರವೇಶಕ್ಕೆ ಟಿಕೆಟ್ ಇಟ್ಟು ಸೀ ಲಯನ್ ಪಾರ್ಕ್ ತೆರೆದ. ಟಿಲ್ಯೂ ಪಾಠ ಕಲಿತ. ಇಂಗ್ಲೆಂಡಿನಲ್ಲಿ ಹುಟ್ಟಿದ ಯಾಂತ್ರಿಕ ಕುದುರೆ ಓಟದ ಹಕ್ಕು ಕೊಂಡು 1897ರಲ್ಲಿ ಸ್ಟೀಪಲ್‌ಚೇಸ್ ಆರಂಭಿಸಿದ. ಕಬ್ಬಿಣದ ಹಳಿಯ ಮೇಲೆ ಮರದ ಕುದುರೆಗಳು ಇಳಿಜಾರಿನಲ್ಲಿ ಓಡುತ್ತಿದ್ದವು. ಒಂದೇ ಕುದುರೆ ಮೇಲೆ ಗಂಡು ಹೆಣ್ಣು ಇಬ್ಬರೂ ಕೂರಬಹುದಿತ್ತು. ಆ ಕಾಲಕ್ಕೆ ಅದೇನು ಸಣ್ಣ ಆಕರ್ಷಣೆಯೇ? ಓಟ ಮುಗಿಸಿ ಹೊರಬರುವ ದಾರಿಯಲ್ಲಿ ಕೆಳಗಿಂದ ಗಾಳಿ ನುಗ್ಗಿ ಟೋಪಿ ಹಾರುತ್ತಿತ್ತು, ಲಂಗ ಮೇಲೇಳುತ್ತಿತ್ತು. ಪೇಚಿಗೆ ಸಿಕ್ಕವರನ್ನು ನೋಡಿ ನಗಲು ಎದುರಿಗೆ ಪ್ರೇಕ್ಷಕರು ಕುಳಿತಿರುತ್ತಿದ್ದರು. ಪೇಚಾಡಿದವರೂ ಆಮೇಲೆ ಅಲ್ಲೇ ಕುಳಿತು ಮುಂದಿನವರಿಗೆ ನಗುತ್ತಿದ್ದರು. ಇಂದಿನ ಕಣ್ಣಿಗೆ ಇದು ಅಸಭ್ಯ ಎನಿಸಬಹುದು. ಆದರೆ ಸಂಬಳ ಬೇಡದ ಕಲಾವಿದರನ್ನು, ಅದೂ ಟಿಕೆಟ್ ಕೊಂಡು ಬಂದವರನ್ನೇ, ಟಿಲ್ಯೂ ಕಂಡುಕೊಂಡಿದ್ದ.

1901ರಲ್ಲಿ ಬಫೆಲೋ ಮೇಳದಲ್ಲಿ ಫ್ರೆಡ್ ಥಾಂಪ್ಸನ್ ಮತ್ತು ಸ್ಕಿಪ್ ಡಂಡಿ ಜೋಡಿಯ 'ಚಂದ್ರಲೋಕ ಯಾತ್ರೆ' ಕಂಡ. ರೆಕ್ಕೆ ಬಡಿಯುವ ಹಡಗಿನಲ್ಲಿ ಜನರನ್ನು ಕೂರಿಸಿ ಚಂದ್ರನ ಮೇಲೆ ಇಳಿಸಿದಂತೆ ಭ್ರಮೆ ಹುಟ್ಟಿಸುವ ಆಟವದು. ಮರುವರ್ಷ ಇಬ್ಬರನ್ನೂ ಆಟದ ಸಮೇತ ಸ್ಟೀಪಲ್‌ಚೇಸ್‌ಗೆ ಕರೆತಂದ. ಆ ಬೇಸಿಗೆ ಬಹುಪಾಲು ಮಳೆಯಲ್ಲೇ ಕಳೆಯಿತು. ಸೀಸನ್ ಮುಗಿದ ಮೇಲೆ ಅವರ ಪಾಲನ್ನು ಕಡಿಮೆ ಮಾಡಲು ಹೋದ ಟಿಲ್ಯೂ. ಜಿಪುಣತನ ದುಬಾರಿಯಾಯಿತು. ಇಬ್ಬರೂ ಎದ್ದು ಹೊರಟವರು ಬಾಯ್ಟನ್ ಜಾಗವನ್ನೇ ಹಿಡಿದು 1903ರ ಮೇ 16ರಂದು ಲೂನಾ ಪಾರ್ಕ್ ತೆರೆದರು. ಗೋಪುರ, ಗುಮ್ಮಟ, ಸುಮಾರು ಎರಡೂವರೆ ಲಕ್ಷ ವಿದ್ಯುತ್ ದೀಪ! ವಿದ್ಯುತ್ ಎಂದರೆ ಜನ ಬೆರಗಾಗುತ್ತಿದ್ದ ಕಾಲದಲ್ಲಿ ಅದು ಸ್ವರ್ಗವೇ ಸರಿ. 1904ರಲ್ಲಿ ಇನ್ನೂ ಹೆಚ್ಚು ದೀಪಗಳೊಂದಿಗೆ ಡ್ರೀಮ್‌ಲ್ಯಾಂಡ್ ಬಂತು.

ಥಾಂಪ್ಸನ್ ನಿಜಕ್ಕೂ ಪ್ರತಿಭಾವಂತ. ಹೊಸತು ಕಾಣದಿದ್ದರೆ ಜನ ಬರುವುದಿಲ್ಲ ಎಂಬುದು ಆತನ ಗಟ್ಟಿ ನಂಬಿಕೆ. ಹಾಗಾಗಿ ಲೂನಾದಲ್ಲಿ ಸೀಸನ್ನಿನಿಂದ ಸೀಸನ್ನಿಗೆ ಹೊಸ ದೃಶ್ಯ, ಹೊಸ ಗೋಪುರ. ಜನವೂ ಬಂದರು, ಸುಳ್ಳಲ್ಲ. ಆದರೆ ಒಂದು ಸಲ ಚಂದ್ರನನ್ನು ನೋಡಿ ಬಂದವನಿಗೆ ಎರಡನೇ ಸಲ ಅದೇ ಚಂದ್ರ ಸಪ್ಪೆ. ಹಿಂದಿನ ಖರ್ಚು ಕೈಸೇರುವ ಮುಂಚೆ ಮುಂದಿನ ಖರ್ಚು ಎದುರಾಗುತ್ತಿತ್ತು. ಲೆಕ್ಕ ನೋಡಿಕೊಳ್ಳುತ್ತಿದ್ದ ಡಂಡಿ 1907ರಲ್ಲಿ ತೀರಿಕೊಂಡ ಮೇಲೆ ಕೈ ಹಿಡಿಯುವವರಿರಲಿಲ್ಲ. 1912ರಲ್ಲಿ ಥಾಂಪ್ಸನ್ ದಿವಾಳಿಯಾದ, ಲೂನಾ ಬೇರೆಯವರ ಪಾಲಾಯಿತು.

ಟಿಲ್ಯೂಗೆ ಬಂದ ಪೆಟ್ಟೂ ಸಣ್ಣದಲ್ಲ. 1907ರ ಜುಲೈ 28ರಂದು ಸ್ಟೀಪಲ್‌ಚೇಸ್ ಬೆಂಕಿಗೆ ಆಹುತಿಯಾಯಿತು. ಇದಕ್ಕಿಂತ ದೊಡ್ಡ ಪಾರ್ಕ್ ಕಟ್ಟುತ್ತೇನೆಂದು ಮರುದಿನವೇ ಬೋರ್ಡ್ ಹಾಕಿದ, ಪಕ್ಕದಲ್ಲಿ ಹತ್ತು ಸೆಂಟಿನ ದರವನ್ನೂ ಬರೆಸಿದ. ಆಮೇಲೆ ಮಾಡಿದ್ದು ದೊಡ್ಡ ಹೂಡಿಕೆ. ಉಕ್ಕು ಮತ್ತು ಗಾಜಿನ ಚಾವಣಿಯ ಬೃಹತ್ 'ಪೆವಿಲಿಯನ್ ಆಫ್ ಫನ್'. ಮಳೆ ಸುರಿದರೂ ಒಳಗೆ ಆಟ ನಿಲ್ಲುತ್ತಿರಲಿಲ್ಲ. ಗರಗರ ತಿರುಗಿ ಜನರನ್ನು ಆಚೆ ಎಸೆಯುವ ನೆಲ, ಒಳಗೆ ನಡೆಯಹೊರಟವರನ್ನು ಉರುಳಿಸುವ ಪೀಪಾಯಿ, ಇದ್ದಕ್ಕಿದ್ದಂತೆ ಅಲುಗಾಡುವ ಮೆಟ್ಟಿಲು ಇವೇ ಅಲ್ಲಿನ ಆಟಗಳು. ಕಟ್ಟಲು ಅರಮನೆಯ ಖರ್ಚಿಲ್ಲ, ಹಳತಾಗುವ ಭಯವೂ ಕಡಿಮೆ. ಬೀಳುವವರು ದಿನವೂ ಬೇರೆ ಬೇರೆಯವರು ತಾನೆ! ಹೊಸತನ್ನು ಆತ ಬಿಟ್ಟಿರಲಿಲ್ಲ. ಹಣ ಹಾಕುವ ಜಾಗವನ್ನು ಮಾತ್ರ ಆರಿಸಿಕೊಳ್ಳುತ್ತಿದ್ದ.

ಡ್ರೀಮ್‌ಲ್ಯಾಂಡ್ 1911ರ ಮೇ 27ರ ನಸುಕಿನಲ್ಲಿ ಸುಟ್ಟುಹೋಯಿತು, ಮತ್ತೆ ತಲೆಯೆತ್ತಲಿಲ್ಲ. ಟಿಲ್ಯೂ 1914ರ ನವೆಂಬರ್‌ನಲ್ಲಿ, 52ರ ವಯಸ್ಸಿನಲ್ಲಿ ನಿಧನನಾದ. ಥಾಂಪ್ಸನ್ 1919ರಲ್ಲಿ ಹೋದ. 1944ರ ಬೆಂಕಿಯ ನಂತರ ಲೂನಾದ ಕಥೆಯೂ ಮುಗಿಯಿತು.

ಸ್ಟೀಪಲ್‌ಚೇಸ್ ಮಾತ್ರ ಟಿಲ್ಯೂ ಮನೆತನದ ಕೈಯಲ್ಲಿ 1964ರವರೆಗೆ ನಡೆಯಿತು. ಮಕ್ಕಳೂ ಅಪ್ಪನ ದಾರಿಯನ್ನೇ ಹಿಡಿದರು. ನ್ಯೂಯಾರ್ಕ್ ವಿಶ್ವಮೇಳ ಮುಗಿದ ಮೇಲೆ ಅಲ್ಲಿನ ಪ್ಯಾರಾಚೂಟ್ ಗೋಪುರವನ್ನು ಕೊಂಡು ತಂದು 1941ರಲ್ಲಿ ನಿಲ್ಲಿಸಿದರು. ಪಾರ್ಕಿನ ಜಾಗವನ್ನು ಆಮೇಲೆ ಕೊಂಡವರು ಫ್ರೆಡ್ ಟ್ರಂಪ್, ಡೊನಾಲ್ಡ್ ಟ್ರಂಪ್ ತಂದೆ. 1966ರಲ್ಲಿ ಪಾರ್ಟಿ ಕರೆದು, ಬಂದ ಅತಿಥಿಗಳ ಕೈಯಿಂದ ಆ ಗಾಜಿನ ಮಂಟಪಕ್ಕೆ ಇಟ್ಟಿಗೆ ಎಸೆಸಿದರು. ಪ್ಯಾರಾಚೂಟ್ ಗೋಪುರವಂತೂ ಇಂದಿಗೂ ಸಮುದ್ರಕ್ಕೆ ಮುಖಮಾಡಿ ನಿಂತಿದೆ.